ಮದ್ದಿಗೆ ಮೊದಲು ಸಗಣಿ ಪರೀಕ್ಷೆಯಾಗಲಿ

ಮುಂಗಾರು ಕಾಲಿಡುವ ಹೊತ್ತಿಗೆ ದನಗಳಿಗೆ ಜಂತುಹುಳುವಿನ ಮದ್ದು ಕುಡಿಸುವ ವಾಡಿಕೆ ನಮ್ಮ ಹಳ್ಳಿಗಳಲ್ಲಿದೆ. ವಾಡಿಕೆ ಒಳ್ಳೆಯದೇ. ಆದರೆ ಯಾವ ಹುಳುವಿಗೆ ಯಾವ ಮದ್ದೆಂದು ವಿಚಾರಿಸದೆ, ವರ್ಷವರ್ಷವೂ ಅದೇ ಆಲ್ಬೆಂಡಜೋಲನ್ನು ಅಂದಾಜಿನ ಮೇಲೆ ಕುಡಿಸುತ್ತ ಹೋದರೆ ಹುಳುಗಳು ಆ ಮದ್ದಿಗೆ ಒಗ್ಗಿಹೋಗುತ್ತವೆ. ಅಳತೆ ಕಡಿಮೆಯಾದಷ್ಟೂ ಈ ಒಗ್ಗುವಿಕೆ ಬೇಗ.

ಕೊಪ್ಪಳ ಜಿಲ್ಲೆಯನ್ನೇ ನೋಡಿರಿ. ಗಂಗಾವತಿ ಸೀಮೆಗೆ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು. ಭತ್ತದ ಗದ್ದೆ, ನಿಂತ ನೀರು, ಅದರಲ್ಲಿ ಬಸವನಹುಳು. ಯಕೃತ್ತನ್ನು ಸೇರುವ ಚಪ್ಪಟೆ ಹುಳುವೂ ಹೊಟ್ಟೆಯ ಆಂಫಿಸ್ಟೋಮ್ ಹುಳುವೂ ಮೊದಲು ಬೆಳೆಯುವುದು ಈ ಬಸವನಹುಳುವಿನ ದೇಹದಲ್ಲಿ. ಕುಷ್ಟಗಿ, ಯಲಬುರ್ಗಾಗಳು ಬಹುಪಾಲು ಮಳೆಯಾಶ್ರಿತ ನೆಲ. ಅಲ್ಲಿ ಮಳೆ ಬಿದ್ದ ಮೇಲೆ ಹುಲ್ಲಿಗೆ ಏರುವ ದುಂಡುಹುಳುವಿನ ಮರಿಗಳ ಕಾಟವೇ ಮುಖ್ಯ. ಐವರ್‌ಮೆಕ್ಟಿನ್ ದುಂಡುಹುಳುವನ್ನು ಕೊಲ್ಲಬಲ್ಲುದು, ಚಪ್ಪಟೆ ಹುಳುವಿಗೆ ನಾಟದು. ಆಕ್ಸಿಕ್ಲೋಜನೈಡ್ ಚಪ್ಪಟೆ ಹುಳುವಿನ ಮದ್ದು, ದುಂಡುಹುಳುವಿಗೆ ಸಲ್ಲದು. ಒಂದೇ ಜಿಲ್ಲೆಗೆ ಒಂದೇ ಸೀಸೆ ಸಾಕೆನ್ನುವುದು ಹೇಗೆ?

ಪಶು ಆಸ್ಪತ್ರೆಯ ಸೂಕ್ಷ್ಮದರ್ಶಕವು ಈ ವಿಷಯದಲ್ಲಿ ಬಹಳಷ್ಟನ್ನು ತಿಳಿಸುತ್ತದೆ. ಚಪ್ಪಟೆ ಹುಳುವಿನ ಮೊಟ್ಟೆ ಅದರಲ್ಲಿ ಕಾಣುತ್ತದೆ; ತಾಯಿಯ ಹಾಲಿನ ಮೂಲಕ ಎಳೆಗರುವಿಗೆ ಬರುವ ಟಾಕ್ಸೊಕಾರದ ದಪ್ಪ ಸಿಪ್ಪೆಯ ಮೊಟ್ಟೆಯೂ ಕಾಣುತ್ತದೆ. ಇವಕ್ಕೆ ಡಿಎನ್‌ಎ ಪರೀಕ್ಷೆ ಬೇಕೆನ್ನುವುದು ದುಂದುವೆಚ್ಚ. ತೊಡಕು ಬರುವುದು ಬೇರೆಡೆ. ರಕ್ತ ಹೀರುವ ಹಿಮಾಂಕಸ್, ಅಷ್ಟೊಂದು ಉಪದ್ರವ ಕೊಡದ ಕೂಪೇರಿಯಾ, ಕರುಳಿನಲ್ಲಿ ಗಂಟು ಕಟ್ಟಿಸುವ ಈಸೊಫಾಗೊಸ್ಟೋಮಮ್ ಇವುಗಳ ಮೊಟ್ಟೆಗಳು ನೋಡಲು ಒಂದೇ ತೆರ. ಸಗಣಿಯನ್ನು ಒಂದು ವಾರ, ಹತ್ತು ದಿನ ಬೆಚ್ಚಗಿಟ್ಟು, ಮರಿ ಹೊರಟ ಮೇಲೆ ಅವುಗಳ ಬಾಲದ ಅಳತೆ ನೋಡಿ ಜಾತಿ ಹೇಳಬೇಕು. ಅಷ್ಟು ಪಳಗಿದ ಕಣ್ಣು ಎಲ್ಲೆಡೆ ದೊರೆಯದು.

ಇಲ್ಲಿ ಪಿಸಿಆರ್ ಉಪಯೋಗಕ್ಕೆ ಬರುತ್ತದೆ. ಕೋವಿಡ್ ಕಾಲದಲ್ಲಿ ಮೂಗಿನ ದ್ರವ ತೆಗೆದು ಮಾಡಿದ ಪರೀಕ್ಷೆಯ ಬಗೆಯದೇ ಇದು. ಸಗಣಿಯಿಂದ ಮೊಟ್ಟೆ ಬೇರ್ಪಡಿಸಿ, ಡಿಎನ್‌ಎ ತೆಗೆದು, ಐಟಿಎಸ್-2 ಎಂಬ ಭಾಗವನ್ನು ಯಂತ್ರದಲ್ಲಿ ಬಹುಪಾಲು ಹೆಚ್ಚಿಸಿ ಓದಿದರೆ ಹುಳುವಿನ ಜಾತಿ ತಿಳಿಯುತ್ತದೆ. ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದವರು 2015ರಲ್ಲಿ ಪ್ರಕಟಿಸಿದ ವಿಧಾನದಿಂದ, ದನದೊಳಗಿನ ಹಲವು ದುಂಡುಹುಳುಗಳಲ್ಲಿ ಯಾವುದರ ಪಾಲು ಎಷ್ಟೆಂದು ಒಂದೇ ಸಲಕ್ಕೆ ತಿಳಿಯಬಹುದು. ಅಷ್ಟೇ ಅಲ್ಲ, ಬೀಟಾ-ಟ್ಯೂಬುಲಿನ್ ಜೀನಿನಲ್ಲಿ ಮಾರ್ಪಾಟಾಗಿದೆಯೇ ಎಂದು ನೋಡಿ ಆಲ್ಬೆಂಡಜೋಲಿಗೆ ಹುಳು ಬಗ್ಗುವುದೋ ಇಲ್ಲವೋ ಎಂಬುದನ್ನೂ ಅಂದಾಜಿಸಬಹುದು. ನಮಗೆ ಮುಖ್ಯವೆನಿಸುವುದು ಇದೇ.

ಇದಕ್ಕೂ ಮಿತಿಯುಂಟು. ಹೊಟ್ಟೆಯಲ್ಲಿ ಎಷ್ಟು ಹುಳುಗಳಿವೆಯೆಂದು ಇದು ನಿಖರವಾಗಿ ಹೇಳದು, ಸಗಣಿಯಲ್ಲಿರುವ ಕೆಲವು ವಸ್ತುಗಳು ಕ್ರಿಯೆಗೆ ಅಡ್ಡಿ ಮಾಡುತ್ತವೆ, ಖರ್ಚಂತೂ ಸರಿಯೇ. ಆದ್ದರಿಂದ ಪ್ರತಿ ಆಕಳಿಗೂ ಈ ಪರೀಕ್ಷೆ ಆಗಲೆಂದು ನಾವು ಕೇಳುತ್ತಿಲ್ಲ. ಹೋಬಳಿಗೆ ಕೆಲವು ಹಳ್ಳಿಗಳನ್ನು ಆರಿಸಿ, ಮಳೆಗೆ ಮುನ್ನ ಒಮ್ಮೆ, ಮಳೆಯ ನಂತರ ಒಮ್ಮೆ ಹಲವು ದನಗಳ ಸಗಣಿಯನ್ನು ಕೂಡಿಸಿ ಪರೀಕ್ಷಿಸಿದರೆ ಸಾಕು. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ, ಬೆಂಗಳೂರು ಹೆಬ್ಬಾಳದ ಪಶು ಆರೋಗ್ಯ ಸಂಸ್ಥೆ ನಮ್ಮ ರಾಜ್ಯದಲ್ಲೇ ಇವೆ. ಪಶುಪಾಲನಾ ಇಲಾಖೆ ಇವುಗಳೊಡನೆ ಕೂಡಿ, ಫಲಿತಾಂಶವನ್ನು ಕಾರಹುಣ್ಣಿಮೆಯೊಳಗೆ ಗ್ರಾಮ ಪಂಚಾಯಿತಿಯ ಫಲಕದಲ್ಲಿ ಹಾಕಿಸಲಿ.

ಅಲ್ಲಿಯವರೆಗೆ ರೈತ ಬಾಂಧವರು ಮಾಡಬಹುದಾದುದೂ ಇದೆ. ನೆಲಕ್ಕೆ ಬಿದ್ದ ಸಗಣಿಯನ್ನಲ್ಲ, ಗುದದ್ವಾರದಿಂದಲೇ ತೆಗೆದ ಸಗಣಿಯನ್ನು ಗಾಳಿಯಾಡದ ಡಬ್ಬಿಯಲ್ಲಿ ತಂಪಾಗಿಟ್ಟು ಅಂದೇ ಆಸ್ಪತ್ರೆಗೆ ಮುಟ್ಟಿಸಿರಿ. ನಮ್ಮ ಬಿಸಿಲಿಗೆ ಮೊಟ್ಟೆ ಬೇಗನೆ ಒಡೆಯುತ್ತದೆ. ಮದ್ದು ಕುಡಿಸಿ ಎರಡು ವಾರಕ್ಕೆ ಮತ್ತೊಮ್ಮೆ ಎಣಿಸಲು ಹೇಳಿರಿ. ಮೊಟ್ಟೆಗಳು ಹತ್ತರಲ್ಲಿ ಒಂಬತ್ತು ಪಾಲಾದರೂ ಇಳಿಯದಿದ್ದರೆ ವೈದ್ಯರಿಗೆ ತಿಳಿಸಿ ಬೇರೆ ಗುಂಪಿನ ಮದ್ದು ಕೇಳಿರಿ. ಗಬ್ಬದ ಮೊದಲ 45 ದಿನಗಳಲ್ಲಿ ಆಲ್ಬೆಂಡಜೋಲ್ ಕೂಡದು. ಕರೆಯುವ ಆಕಳಿಗಾದರೆ, ಎಷ್ಟು ದಿನ ಹಾಲನ್ನು ಮನೆಗೂ ಡೇರಿಗೂ ಬಳಸಬಾರದೆಂದು ಮದ್ದು ಕೊಡುವಾಗಲೇ ಕೇಳಿಕೊಳ್ಳಿರಿ.