ಬಿಚ್ಚಬಲ್ಲ ನಂಟಿನ ಬಲ

ಕೋವಿಡ್ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿಸಿಕೊಂಡವರ ಪಿಸಿಆರ್ ವರದಿ ನಿಂತಿದ್ದು ಹೈಡ್ರೋಜನ್ ಬಂಧವೆಂಬ ದುರ್ಬಲ ನಂಟಿನ ಮೇಲೆ. ಆ ದೌರ್ಬಲ್ಯವೇ ಅದರ ಬೆಲೆ.

ನೀರಿನ ಅಣುಗಳ ನಡುವೆ ಇಂಥದೊಂದು ಬಂಧವಿದೆ ಎಂದು 1920ರಲ್ಲಿ ಬರೆದವರು ಬರ್ಕ್ಲಿ ವಿಶ್ವವಿದ್ಯಾಲಯದ ವೆಂಡೆಲ್ ಲ್ಯಾಟಿಮರ್ ಮತ್ತು ವರ್ತ್ ರೋಡಬುಷ್. ಅದೇ ಪ್ರಯೋಗಾಲಯದ ಮಾರಿಸ್ ಹಗಿನ್ಸ್ ಇನ್ನೂ ಅಚ್ಚಾಗದ ಕೆಲಸದಲ್ಲಿ ಇಂಥದೇ ಕಲ್ಪನೆಯನ್ನು ಬಳಸಿದ್ದನ್ನು ಅವರು ಅಡಿಟಿಪ್ಪಣಿಯಲ್ಲಿ ಸ್ಮರಿಸಿದ್ದಾರೆ. ಆ ಪ್ರಾಮಾಣಿಕತೆಗೆ ನನ್ನ ಗೌರವವಿದೆ. ನೀರಿನ ಅಣುವಿನೊಳಗೆ ಆಕ್ಸಿಜನ್ ಎಲೆಕ್ಟ್ರಾನುಗಳನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಹೈಡ್ರೋಜನ್ ತುದಿಗೆ ತುಸು ಧನ, ಆಕ್ಸಿಜನ್ ತುದಿಗೆ ತುಸು ಋಣ ವಿದ್ಯುದಂಶ ಬರುತ್ತದೆ. ಒಂದರ ಧನ ತುದಿ ಪಕ್ಕದ್ದರ ಋಣ ತುದಿಯತ್ತ ವಾಲುತ್ತದೆ. ಅಣುವಿನೊಳಗಿನ ಗಟ್ಟಿ ಬಂಧದ ಮುಂದೆ ಇದರ ಬಲ ಸುಮಾರು ಇಪ್ಪತ್ತನೇ ಒಂದು ಪಾಲು.

ಡಿಎನ್‌ಎಯಲ್ಲಿ ಅಡಿನೀನ್-ಥೈಮೀನ್ ಪ್ರತ್ಯಾಮ್ಲಗಳ ನಡುವೆ ಇಂಥ ಎರಡು ಬಂಧಗಳು, ಗ್ವಾನೀನ್-ಸೈಟೋಸೀನ್ ನಡುವೆ ಮೂರು. ಎರಡು ಎಳೆಗಳನ್ನು ಹಿಡಿದಿಟ್ಟಿರುವುದು ಇವೇ ಎಂಬ ಪಠ್ಯಪುಸ್ತಕದ ಮಾತು ಅರ್ಧ ಸತ್ಯ. ಒಂದರ ಮೇಲೊಂದು ಒತ್ತೊತ್ತಾಗಿ ಕೂತ ಪ್ರತ್ಯಾಮ್ಲಗಳ ಸೆಳೆತದ ಪಾಲೂ ದೊಡ್ಡದು. ಹೈಡ್ರೋಜನ್ ಬಂಧದ ಹೆಚ್ಚುಗಾರಿಕೆ ಇರುವುದು ಗುರುತಿಸುವುದರಲ್ಲಿ: ಸರಿಯಾದ ಜೋಡಿ ಎದುರಾದರೆ ಬಂಧಗಳು ನೇರ ಕೂರುತ್ತವೆ, ತಪ್ಪು ಜೋಡಿಯಾದರೆ ಕೂರುವುದಿಲ್ಲ.

ಬರ್ಕ್ಲಿಗೆ ಹೊಂದಿಕೊಂಡ ಎಮರಿವಿಲ್‌ನ ಸೀಟಸ್ ಕಂಪನಿಯಲ್ಲಿದ್ದ ಕ್ಯಾರಿ ಮಲ್ಲಿಸ್ 1983ರಲ್ಲಿ ಈ ಗುಣವನ್ನೇ ದುಡಿಸಿಕೊಂಡು ಪಿಸಿಆರ್ ವಿಧಾನವನ್ನು ರೂಪಿಸಿದರು. ಸುಮಾರು 95 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದಾಗ ಡಿಎನ್‌ಎಯ ಎಳೆಗಳು ಬೇರಾಗುತ್ತವೆ. ಒಂದೊಂದು ಎಳೆಯನ್ನು ಪೋಣಿಸಿದ ಗಟ್ಟಿ ಬಂಧಗಳು ಹಾಗೇ ಉಳಿಯುತ್ತವೆ. ತಣಿಸಿದಾಗ ಪ್ರೈಮರ್ ಎಂಬ ಪುಟ್ಟ ತುಣುಕುಗಳು ತಮ್ಮ ಜೋಡಿ ಇರುವಲ್ಲಿ ಅಂಟಿಕೊಳ್ಳುತ್ತವೆ. ಅಲ್ಲಿಂದ ಮುಂದೆ ಕಿಣ್ವ ಹೊಸ ಎಳೆ ಕಟ್ಟುತ್ತದೆ. ಪ್ರತಿ ಸುತ್ತಿಗೂ ದುಪ್ಪಟ್ಟಾಗುತ್ತ ಹೋದರೆ 30 ಸುತ್ತಿಗೆ ಒಂದು ಪ್ರತಿ ನೂರು ಕೋಟಿ ದಾಟುತ್ತದೆ.

ತೊಡಕಿದ್ದುದು ಕಿಣ್ವದಲ್ಲೇ. ಅದು ಪ್ರೋಟೀನು, ಅದರ ಮಡಿಕೆಗಳನ್ನು ಹಿಡಿದಿರುವುದೂ ಇಂಥ ಮೆದು ಸೆಳೆತಗಳೇ. ಬೇಯಿಸಿದ ಮೊಟ್ಟೆಯ ಬಿಳಿಭಾಗ ಗಟ್ಟಿಯಾಗುವುದು ಆ ಮಡಿಕೆಗಳು ಬಿಚ್ಚಿ ಒಂದಕ್ಕೊಂದು ತೊಡರಿಕೊಳ್ಳುವುದರಿಂದ. ಹೀಗಾಗಿ ಮೊದಮೊದಲು ಸುತ್ತು ಸುತ್ತಿಗೂ ಹೊಸ ಕಿಣ್ವ ಸೇರಿಸಬೇಕಿತ್ತು. ಯೆಲ್ಲೋಸ್ಟೋನಿನ ಬಿಸಿನೀರ ಬುಗ್ಗೆಯಲ್ಲಿ ಸಿಕ್ಕ ಬ್ಯಾಕ್ಟೀರಿಯಾದ ಟ್ಯಾಕ್ ಕಿಣ್ವ ಆ ಶಾಖವನ್ನು ತಾಳಿಕೊಂಡಿತು.

ಹೈಡ್ರೋಜನ್ ಬಂಧಕ್ಕೆ ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಸಂಸ್ಥೆ ಐಯುಪಿಎಸಿ ಹೊಸ ವ್ಯಾಖ್ಯೆ ಕೊಟ್ಟಿದ್ದು 2011ರಲ್ಲಿ. ಆ ವ್ಯಾಖ್ಯೆ ರೂಪಿಸಿದ ಕಾರ್ಯತಂಡದ ಮುಂದಾಳಾಗಿದ್ದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಇ. ಅರುಣನ್. ಇಂಗಾಲಕ್ಕೆ ಅಂಟಿದ ಹೈಡ್ರೋಜನ್ ಕೂಡ ಇಂಥ ಬಂಧ ಕಟ್ಟಬಹುದು ಎಂಬುದಕ್ಕೆ ಅದರಲ್ಲಿ ಜಾಗವಿದೆ. ಪ್ರೋಟೀನಿನ ತುಂಬ ಇರುವುದು ಅಂಥ ಹೈಡ್ರೋಜನ್‌ಗಳೇ. ಅದಕ್ಕೆ ಹೊಂದುವ ಔಷಧವನ್ನು ರೂಪಿಸುವವರು ಅವುಗಳ ಕಿರು ಸೆಳೆತವನ್ನೂ ಲೆಕ್ಕಕ್ಕೆ ಹಿಡಿಯಬೇಕು.