ಚೈನ್‌ಸ್ಟೇ ಅಳೆಯುವವರು ಮಣ್ಣನ್ನೂ ನೋಡಲಿ

ವಿದ್ಯುತ್ ಮೌಂಟನ್ ಬೈಕುಗಳ ತಯಾರಕರಲ್ಲಿಯೂ ಸವಾರರಲ್ಲಿಯೂ ಒಂದು ವಾದ ಮುಗಿಯುತ್ತಲೇ ಇಲ್ಲ. ಹಿಂದಿನ ಚಕ್ರ 29 ಇಂಚಿನದಿರಬೇಕೆ, 27.5 ಇಂಚಿನದೆ? ಚೈನ್‌ಸ್ಟೇ, ಎಂದರೆ ಪೆಡಲಿನ ಅಚ್ಚಿನಿಂದ ಹಿಂದಿನ ಚಕ್ರದ ಅಚ್ಚಿಗಿರುವ ಅಂತರ, ಗಿಡ್ಡವಿರಬೇಕೆ, ಉದ್ದವೆ? ಗಿಡ್ಡವಾದರೆ ಬೈಕು ತಿರುವುಗಳಲ್ಲಿ ಚುರುಕು. ಆದರೆ ಕಡಿದಾದ ಏರಿನಲ್ಲಿ ಮುಂಚಕ್ರ ನೆಲ ಬಿಡುತ್ತದೆ. ಉದ್ದವಾದರೆ ಮುಂಚಕ್ರ ನೆಲ ಕಚ್ಚುತ್ತದೆ. ಹಿಂಚಕ್ರದ ಮೇಲಿನ ಭಾರ ತಗ್ಗಿ ಅದು ಜಾರತೊಡಗುತ್ತದೆ. 10 ಮಿಲಿಮೀಟರಿಗಾಗಿ ಇಷ್ಟು ತರ್ಕ! ಜಾರುವ ಚಕ್ರದ ಕೆಳಗಿನ ನೆಲಕ್ಕೆ ಏನಾಗುತ್ತದೆಂದು ಕೇಳುವವರು ಮಾತ್ರ ವಿರಳ.

ಸಾಮಾನ್ಯ ಸೈಕಲ್ಲಿನವನು ಇಂಥ ಏರಿನಲ್ಲಿ ಇಳಿದು ತಳ್ಳಿಕೊಂಡು ಹೋಗುತ್ತಿದ್ದ. ಈಗ 20 ಕಿಲೋಗ್ರಾಂ ಮೀರಿದ ಬೈಕನ್ನು ಮೋಟಾರು ಏರಿಸುತ್ತದೆ. (ಸವಾರನಿಗೆ ಬೆವರೂ ಅಷ್ಟಾಗಿ ಇಳಿಯದು.) ಅಚ್ಚಿನ ತಿರುಗುಬಲ ಅಷ್ಟೇ ಇದ್ದರೂ ಚಿಕ್ಕ ಚಕ್ರ ನೆಲವನ್ನು ಹೆಚ್ಚು ಬಲದಿಂದ ಹಿಂದಕ್ಕೆ ದೂಡುತ್ತದೆ. ಮಳೆಗಾಲದಲ್ಲಿ ನೆನೆದ ಮಣ್ಣು ಒತ್ತಡಕ್ಕೆ ಸಿಕ್ಕಿ ತನ್ನ ರಂಧ್ರಗಳನ್ನು ಕಳೆದುಕೊಂಡರೆ ನೀರು ಇಂಗದು. ಟೈರು ಕೊರೆದ ಗೆರೆಯೇ ಕೊರಕಲಾಗಿ ಮೇಲ್ಮಣ್ಣು ಹಳ್ಳ ಸೇರುತ್ತದೆ. ಅಗಲ ಟೈರಿನಲ್ಲಿ ಗಾಳಿ ಕಡಿಮೆಯಿಟ್ಟರೆ ಪೆಟ್ಟು ತಗ್ಗುವುದು ನಿಜ. ಅದು ಒದ್ದೆ ಇಳಿಜಾರಿಗೆ ಪರವಾನಗಿಯಲ್ಲ.

ಭಾರತದಲ್ಲಿ 250 ವಾಟ್ ಶಕ್ತಿ, ಗಂಟೆಗೆ 25 ಕಿ.ಮೀ. ವೇಗ ಮೊದಲಾದ ಮಿತಿಗಳೊಳಗಿನ ಬ್ಯಾಟರಿ ವಾಹನಕ್ಕೆ ನೋಂದಣಿ ಬೇಕಿಲ್ಲ. ಅಭಯಾರಣ್ಯದ ಪ್ರವೇಶಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಿರ್ಬಂಧವಿದೆ. ಊರಿನ ಗೋಮಾಳಕ್ಕೆ, ಸೊಪ್ಪಿನಬೆಟ್ಟಕ್ಕೆ ಕಾವಲು ಯಾರು? ಮಲೆನಾಡಿನ ಪಂಚಾಯಿತಿಗಳು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಟ್ಟದ ಕಾಲುದಾರಿಗಳನ್ನು ಈ ಬೈಕುಗಳಿಗೆ ಮುಚ್ಚಬೇಕು. ಬೈಕುಗಳನ್ನು ಬಾಡಿಗೆಗೆ ಕೊಡುವವರು ಕೊರಕಲುಗಳಿಗೆ ತಮ್ಮ ಖರ್ಚಿನಲ್ಲಿಯೇ ಕಲ್ಲು ಕಟ್ಟಿಸಿಕೊಡಬೇಕು.