ಮಕ್ಕಳು ಕೈಯಿಂದ ಬರೆಯಲಿ, ನಾವು ಬಾಯಿಂದ ಬರೆಯೋಣ

ಮನೆಗೆ ಕಂಪ್ಯೂಟರ್ ಬಂದ ಮೇಲೆ ರಕ್ಷಕರು ಕೇಳುವ ಪ್ರಶ್ನೆಯೊಂದಿದೆ: “ಮಾತಾಡಿದ್ದನ್ನು ಕನ್ನಡದಲ್ಲಿ ಬರೆದುಕೊಡುವ ಸಾಫ್ಟ್‌ವೇರ್ ಯಾವುದು ಒಳ್ಳೆಯದು? ಮಗುವಿನ ಪ್ರಾಜೆಕ್ಟ್ ಕೆಲಸ ಸುಲಭವಾಗುತ್ತಿತ್ತು.” ಯಾವುದು ಎಂದು ಕೇಳುವ ಮೊದಲು ಯಾರಿಗೆ ಎಂದು ಕೇಳಿಕೊಳ್ಳಿ. ಅದು ಬೇಕಾಗಿರುವುದು ಮಗುವಿಗಲ್ಲ, ನಮಗೆ ಎಂಬುದು ನನ್ನ ಅಭಿಪ್ರಾಯ.

ನಮ್ಮ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಲ್ಲಿ ಹಲವರ ಮನೆಮಾತು ತುಳು, ಕೊಂಕಣಿ, ಮರಾಠಿ, ಬ್ಯಾರಿ ಅಥವಾ ಮಲಯಾಳ. ಬಸ್ಸಿನ ಬೋರ್ಡಿನಲ್ಲಿ, ಅಂಗಡಿಯ ಫಲಕದಲ್ಲಿ ಅವರ ಕಣ್ಣಿಗೆ ಹೆಚ್ಚಾಗಿ ಬೀಳುವುದು ಕನ್ನಡ ಅಕ್ಷರವಲ್ಲ. ಒತ್ತಕ್ಷರ, ದೀರ್ಘ, ಮಹಾಪ್ರಾಣಗಳು ಕೈಗೆ ಹತ್ತುವುದು ನೋಟ್ ಪುಸ್ತಕದಲ್ಲೇ. ಆ ಕೆಲಸವನ್ನೂ ಯಂತ್ರಕ್ಕೆ ಕೊಟ್ಟರೆ ಎಸ್ಸೆಸ್ಸೆಲ್ಸಿ ಪರೀಕ್ಷೆಯ ದಿನ ಪೆನ್ನು ಹಿಡಿದ ಮಗು ತಡವರಿಸುತ್ತದೆ. ದೃಷ್ಟಿದೋಷ ಅಥವಾ ಬರೆಯುವ ತೊಂದರೆ ಇರುವ ಮಕ್ಕಳ ಮಾತು ಬೇರೆ. ಅವರಿಗೆ ಇದು ವರ, ಧಾರಾಳವಾಗಿ ಕೊಡಿ.

ಇನ್ನು ನಮ್ಮ ವಿಷಯ. ಕನ್ನಡದಲ್ಲಿ ಚೆನ್ನಾಗಿ ಮಾತಾಡುವ ನಮಗೆ ಟೈಪಿಂಗ್ ಬಾರದು. ಕನ್ನಡ ತರಗತಿಗೆ ಕನ್ನಡ ಬಲ್ಲ ಶಿಕ್ಷಕರು ಬೇಕು, ಪಠ್ಯಪುಸ್ತಕ ಸಕಾಲಕ್ಕೆ ಬರಬೇಕು ಎಂದು ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಗಟ್ಟಿಯಾಗಿ ಹೇಳುತ್ತೇವೆ. ಅರ್ಜಿ ಬರೆಯುವಾಗ ಮಾತ್ರ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತೇವೆ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಇಲ್ಲಿನ ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಂದಿಗೆ ಕನ್ನಡದಲ್ಲೇ ಪತ್ರ ವ್ಯವಹಾರ ನಡೆಸುವ ಹಕ್ಕು ಕೊಟ್ಟಿದೆ. ಉತ್ತರವೂ ಕನ್ನಡದಲ್ಲೇ ಬರಬೇಕು. ಬರೆಯದೆ ಕುಳಿತರೆ ಆ ಹಕ್ಕು ಕಾಗದದಲ್ಲೇ ಉಳಿಯುತ್ತದೆ.

ಹಾಗಾದರೆ ಯಾವುದನ್ನು ಆರಿಸಬೇಕು? ಹಣ ಕೊಡುವ ಮೊದಲು ಉಚಿತವಾದುದನ್ನು ನೋಡಿ. ಕ್ರೋಮ್ ಬ್ರೌಸರಿನಲ್ಲಿ ಗೂಗಲ್ ಡಾಕ್ಸ್ ತೆರೆದು, ಟೂಲ್ಸ್ ಮೆನುವಿನ ವಾಯ್ಸ್ ಟೈಪಿಂಗ್ ಒತ್ತಿ, ಭಾಷೆಗಳ ಪಟ್ಟಿಯಲ್ಲಿ ಕನ್ನಡ ಆರಿಸಿದರೆ ಸಾಕು. ವಿಂಡೋಸ್‌ನಲ್ಲೂ ನಡೆಯುತ್ತದೆ, ಕೇರಳದ ಶಾಲೆಗಳಲ್ಲಿರುವ ಲಿನಕ್ಸ್‌ನಲ್ಲೂ ನಡೆಯುತ್ತದೆ. ವಿಂಡೋಸ್‌ನ ಸ್ವಂತ ಧ್ವನಿ ಟೈಪಿಂಗ್ ಆಗಲಿ, ಹಣ ಕೊಟ್ಟು ಕೊಳ್ಳುವ ಬೇರೆ ಯಾವುದೇ ಆಗಲಿ, ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇದೆಯೇ ಎಂದು ಕಣ್ಣಾರೆ ನೋಡದೆ ನಂಬಬೇಡಿ. ಗೂಗಲ್ ಡಾಕ್ಸ್‌ಗೆ ಇಂಟರ್ನೆಟ್ ಬೇಕು. ನಿಮ್ಮ ಮಾತು ಕಂಪೆನಿಯ ಸರ್ವರಿಗೆ ಹೋಗಿ ಅಕ್ಷರವಾಗಿ ಮರಳುತ್ತದೆ. ಆದ್ದರಿಂದ ಆಧಾರ್ ಸಂಖ್ಯೆ, ಬ್ಯಾಂಕ್ ವಿವರಗಳನ್ನು ಹೇಳಬೇಡಿ. ಅವನ್ನು ಕೈಯಿಂದಲೇ ತುಂಬಿಸಿ.

ಪರೀಕ್ಷೆಯನ್ನು ನೀವೇ ಮಾಡಿ. ಮೊದಲು ಮಗುವಿನ ಪಾಠದ ಐದು ವಾಕ್ಯ ಓದಿ. ಆಮೇಲೆ ನಿಮ್ಮದೇ ಅರ್ಜಿಯ ಐದು ವಾಕ್ಯ ಹೇಳಿ. ಅದರಲ್ಲಿ ಪೈವಳಿಕೆ, ಮುಳ್ಳೇರಿಯ, ಬದಿಯಡ್ಕದಂಥ ಊರ ಹೆಸರುಗಳಿರಲಿ. ಪಾಠವನ್ನು ಸರಿಯಾಗಿ ಬರೆದ ಯಂತ್ರ ನಮ್ಮ ಊರ ಹೆಸರಿನಲ್ಲಿ ಎಡವಬಹುದು. ತಿದ್ದುವ ಹೊತ್ತು ಬರೆಯುವ ಹೊತ್ತಿಗಿಂತ ಹೆಚ್ಚಾದರೆ ಆ ಸಾಫ್ಟ್‌ವೇರ್ ನಿಮಗಲ್ಲ. ಬಂದ ಬರಹವನ್ನು ನಿಮ್ಮ ಫೋನಿಗೆ ಕಳಿಸಿ ತೆರೆಯಿರಿ. ಕನ್ನಡ ಕನ್ನಡವಾಗಿಯೇ ಕಂಡರೆ ಅದು ಯೂನಿಕೋಡ್‌ನಲ್ಲಿದೆ, ಎಲ್ಲಿಗೂ ಕಳಿಸಬಹುದು. ಸಾಧ್ಯವಾದರೆ ಮೈಕ್ ಇರುವ ಇಯರ್‌ಫೋನ್ ಬಳಸಿ. ಫ್ಯಾನಿನ ಸದ್ದು, ಮಳೆಯ ಸದ್ದು ತಪ್ಪುಗಳಿಗೆ ಕಾರಣವಾಗುತ್ತದೆ.

ತಪ್ಪು ಹೇಗೂ ಉಳಿಯುತ್ತದೆ. ಪೂರ್ಣವಿರಾಮ, ಅಲ್ಪವಿರಾಮಗಳನ್ನು ಕೈಯಿಂದಲೇ ಹಾಕಬೇಕಾಗುತ್ತದೆ. ಮಗುವನ್ನು ಕರೆಯಬೇಕಾದದ್ದು ಆಗ. ನೀವು ಹೇಳಿ, ಯಂತ್ರ ಬರೆಯಲಿ, ಮಗು ತಿದ್ದಲಿ. ‘ಹಾಲು’ ಎಂದದ್ದು ‘ಹಾಳು’ ಆಗಿದ್ದರೆ ಮಗು ಕಂಡುಹಿಡಿಯಲಿ. ಅದಕ್ಕಿಂತ ಒಳ್ಳೆಯ ಕನ್ನಡ ಪಾಠ ಯಾವ ಟ್ಯೂಷನ್ನಿನಲ್ಲೂ ಸಿಗದು.

ತಿದ್ದಿದ ಅರ್ಜಿಯನ್ನು ಪ್ರಿಂಟ್ ತೆಗೆದು, ಸಹಿ ಹಾಕಿ ಕಚೇರಿಗೆ ಕೊಡಿ. ರಶೀದಿ ಪಡೆಯಲು ಮರೆಯಬೇಡಿ.